ಕಾಗೆ ಮುಟ್ಟುವವರೆಗೆ

ಕಿಟಕಿಯ ಪಕ್ಕದ ಸೀಟು ಹಿಡಿದದ್ದೇ ತಪ್ಪಾಯಿತು ಎಂದು ಸುಂದರಾಬಾಯಿಗೆ ಅನ್ನಿಸಿದ್ದು ಬಸ್ಸು ನಿಪ್ಪಾಣಿಯ ತಂಬಾಕಿನ ವಖಾರಗಳನ್ನು ದಾಟುವ ಮೊದಲೇ. ಬೆಳಗಿನ ಬಿಸಿಲು ನೆಟ್ಟಗೆ ಮುಖದ ಮೇಲೆ ಬೀಳುತ್ತಿತ್ತು. ಈ ಮುಖದ ಮೇಲೆ ಬೆಳಕು ಬಿದ್ದರೆ ಏನಾಗುತ್ತದೆಂದು ಅವಳಷ್ಟೇ ಚೆನ್ನಾಗಿ ಬಲ್ಲವರು ಕೊಲ್ಹಾಪುರದ ಕ್ಯಾಮೆರಾದವರು ಮಾತ್ರ. ಸಿಡುಬಿನ ಕಲೆಗಳೆಲ್ಲ ಎದ್ದು ನಿಲ್ಲುತ್ತವೆ, ಮುಂದಿನ ಎರಡು ಹಲ್ಲು ತುಟಿಯ ಮೇಲೆ ಬಂದು ಕೂಡುತ್ತವೆ, ಸುಮ್ಮನೆ ಕೂತಿದ್ದರೂ ಯಾರಿಗೋ ಕೇಡು ಬಗೆಯುತ್ತಿದ್ದಾಳೆ ಎಂಬಂತೆ ಕಾಣುತ್ತದೆ. ಆ ಜನ ಎಷ್ಟೋ ವರ್ಷ ಅದನ್ನೇ ಉಂಡರು. ನಾಯಕಿಯ ಮುಖದ ಮುಂದೆ ಬಿಳಿ ಬಟ್ಟೆ ಹಿಡಿದು ಬೆಳಕು ಸೋಸುತ್ತಿದ್ದವರು ಇವಳ ಸರದಿ ಬಂದಾಗ ಬಟ್ಟೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬೀಡಿ ಹಚ್ಚುತ್ತಿದ್ದರು. ಹೆಸರು ಮಾತ್ರ ಸುಂದರಾಬಾಯಿ. ಹಡೆದವರು ಇಟ್ಟ ಕೆಂಪವ್ವ ಎಂಬ ಹೆಸರನ್ನು ಕಿತ್ತು ಇದನ್ನು ಅಂಟಿಸಿದವನು ನಾಟಕ ಕಂಪನಿಯ ಮಾಲೀಕ. ಅಂಟಿಸಿದ ದಿನ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನು ಸತ್ತು ಮಣ್ಣಾದ. ನಗೆ ಮಾತ್ರ ಹೆಸರಿನ ಜೊತೆಗೇ ಉಳಿದುಕೊಂಡಿತು.

ಮುಂದಿನ ಸೀಟಿನ ಹೆಂಗಸು ಹೊರಳಿ ಹೊರಳಿ ನೋಡುತ್ತಿದ್ದಳು. ಮಡಿಲಲ್ಲಿ ಬುಟ್ಟಿ, ಬುಟ್ಟಿಯೊಳಗೆ ಒಂದು ಕೋಳಿ. ಕೋಳಿಯೂ ಕತ್ತು ಹೊರಹಾಕಿ ನೋಡುತ್ತಿತ್ತು. ಕೊನೆಗೆ ತಡೆಯಲಾರದೆ ಹೆಂಗಸು ಕೇಳಿಯೇಬಿಟ್ಟಳು.

"ನೀವು ಸಿನೇಮಾದಾಗಿನ ಅತ್ತಿ ಅಲ್ಲೇನ್ರಿ? ಚಿಮಟಾ ಕಾಸಿ ಸೊಸಿಗೆ ಬರಿ ಎಳೀತೀರಲ್ಲ?"

"ಅಲ್ಲ," ಎಂದಳು ಸುಂದರಾಬಾಯಿ.

"ಥೇಟ್ ಅಕಿನಂಗ ಅದೀರಿ ನೋಡ್ರಿ. ಅವತ್ತ ನಾ ಅಕಿಗಿ ಬೈದ ಬೈದ ಮನಿಗೆ ಬಂದಿನ್ರಿ. ಆದ್ರೂ ಖರೇ ಬಿಡ್ರಿ, ಅಕಿ ಯಾಕ ಇಂಥಾ ಕೆಂಪ ಬಸ್ಸಿನ್ಯಾಗ ಬರ್ತಾಳ? ಅವ್ರಿಗೆಲ್ಲಾ ಕಾರ್ ಇರ್ತಾವ."

ಕಾರಂತೆ. ಸುಂದರಾಬಾಯಿ ಕಿಟಕಿಯತ್ತ ತಿರುಗಿದಳು. ಇಂಥ ಜನರ ಮೇಲೆ ಸಿಟ್ಟು ಬಂದರೂ ಒಂದು ಬೆಲೆ ಇರುತ್ತಿತ್ತು. ಅವಳಿಗೆ ಬರುತ್ತಿದ್ದುದು ಬರೀ ವಾಕರಿಕೆ. ಪರದೆಯ ಮೇಲೆ ಕಂಡವಳೇ ಮನೆಯಲ್ಲಿಯೂ ಇರುತ್ತಾಳೆಂದು ನಂಬುವ ಮಂದಿ. ಅಥಣಿಯಲ್ಲಿ ಒಮ್ಮೆ ಬಾಡಿಗೆಗೆ ಕೋಣೆ ಕೇಳಲು ಹೋದಾಗ ಮನೆಯ ಯಜಮಾನಿ ತನ್ನ ಸೊಸೆಯನ್ನು ಬಾಗಿಲ ಹಿಂದೆ ಸರಿಸಿ, "ನಮ್ಮಲ್ಲಿ ಖೋಲಿ ಖಾಲಿ ಇಲ್ರಿ" ಎಂದಿದ್ದಳು. ಅದೇ ಯಜಮಾನಿ ಸೊಸೆಗೆ ಹೊಟ್ಟೆತುಂಬ ಊಟ ಹಾಕುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಕೆಟ್ಟ ಅತ್ತೆ, ಕೆಟ್ಟ ಸೂಲಗಿತ್ತಿ, ಬಾವಿಯ ಕಟ್ಟೆಯ ಮೇಲೆ ಕೂತು ನಾಯಕಿಯ ಹೊಟ್ಟೆ ಮುಂದೆ ಬಂದಿದೆ ಎನ್ನುವ ಮುದುಕಿ, ಗುಡಿಯ ಮುಂದೆ ಕೈಯೊಡ್ಡುವ ಕುರುಡಿ. ಅವೆಲ್ಲ ಇವಳ ಪಾತ್ರಗಳು. ಮತ್ತೆ, ಹೆಣದ ಮುಂದೆ ಅಳುವವಳು. ಅಳುವುದಕ್ಕಂತೂ ಕೊಲ್ಹಾಪುರದಲ್ಲಿ ಅವಳ ಸಮ ಯಾರೂ ಇರಲಿಲ್ಲ. ನಾಯಕನ ತಾಯಿ ಸತ್ತರೂ ಸುಂದರಾಬಾಯಿ ಬೇಕು, ಖಳನಾಯಕನ ತಾಯಿ ಸತ್ತರೂ ಬೇಕು. ನಾಯಕನಿಗೆ ಅಳಲು ಬರುತ್ತಿರಲಿಲ್ಲ. ಅವನು ಭುಜ ಅಲುಗಿಸುತ್ತಿದ್ದ, ಇವಳು ಪಕ್ಕದಲ್ಲಿ ಕೂತು ಅವನ ಪಾಲನ್ನೂ ಅಳುತ್ತಿದ್ದಳು. ಜಾಹೀರಾತಿನ ಹಾಳೆಯ ಮೇಲೆ ಅವನ ಭುಜವೇ ಬರುತ್ತಿತ್ತು.

ಇಂದು ತುಳಸವ್ವ ಸತ್ತ ಮೂರನೆಯ ದಿನ. ತುಳಸವ್ವ ಅಂದರೆ ಅಕ್ಕ. ತಾಯಿ ಸತ್ತ ಮೇಲೆ ಇವಳನ್ನು ಸೊಂಟದ ಮೇಲೆ ಹೊತ್ತು ಕುರಿ ಕಾಯ್ದವಳು. ಸುದ್ದಿ ಬಂದದ್ದು ಮಣ್ಣು ಕೊಟ್ಟ ಮೇಲೆ. ಅಕ್ಕನ ಮಗ ಮಾಯಪ್ಪ ರಾಯಬಾಗದ ಕಚೇರಿಯೊಂದರಲ್ಲಿ ಕಾರಕೂನ. ಮೊದಲು ಸಾಹೇಬರಿಗೆ, ಆಮೇಲೆ ಸಾಹೇಬರ ಸಾಹೇಬರಿಗೆ ಫೋನು ಮಾಡಿ, ಎಲ್ಲ ಮುಗಿದ ಮೇಲೆ ನೆನಪಾಗಿ ಇವಳಿದ್ದ ನಿಪ್ಪಾಣಿಯ ಬೀದಿಯ ಎಸ್‌ಟಿಡಿ ಬೂತಿಗೆ ಮಾಡಿದ್ದ. ಬೂತಿನ ಅಂಗಡಿಯವನು ರಿಸೀವರು ಕೈಗೆ ಕೊಟ್ಟು ಗಲ್ಲಕ್ಕೆ ಕೈ ಹಚ್ಚಿ, ಪಾಸಿನ ಮೇಲೆ ಪುಕ್ಕಟೆ ಸಿನೇಮಾಕ್ಕೆ ಬಂದವನಂತೆ ಇವಳ ಮುಖವನ್ನೇ ನೋಡುತ್ತ ಕೂತ. ಇವಳು "ಯಾವಾಗ?" ಎಂದಳು, "ಆತು" ಎಂದಳು, ರಿಸೀವರು ಇಟ್ಟಳು. ಅವನ ಮುಖ ಸಪ್ಪಗಾಯಿತು. ಅಳು ಬರಲಿಲ್ಲ. ರಾತ್ರಿ ಬಂದೀತೆಂದು ಕಾದಳು, ಬರಲಿಲ್ಲ. ಗೋಡೆಯ ಆಚೆ ಬೀಡಿ ಕಟ್ಟುವ ಹೆಂಗಸರು ಎಂದಿನಂತೆ ಜಗಳಾಡಿದರು, ತಂಬಾಕಿನ ಘಾಟಿಗೆ ಎರಡು ಸಲ ಸೀನು ಬಂತು, ಅಷ್ಟೇ.

ಬರುವುದಾದರೂ ಹೇಗೆ? ಸುಂದರಾಬಾಯಿಗೆ ತನ್ನ ಮೇಲೆಯೇ ಹೇಸಿಗೆಯಾಗುವಂಥ ಸಂಗತಿ ಒಂದಿತ್ತು. ಅಳುವ ದೃಶ್ಯಕ್ಕೆ ಎಲ್ಲರೂ ಗ್ಲಿಸರಿನ್ ಹಾಕಿಕೊಳ್ಳುವಾಗ ಇವಳು ಸೆರಗಿನ ಗಂಟಿನಲ್ಲಿಟ್ಟ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು ಮೂಗಿಗೂ ಕಣ್ಣಂಚಿಗೂ ತಾಗಿಸಿಕೊಳ್ಳುತ್ತಿದ್ದಳು. ಆದರೆ ಅದು ನೀರು ತರಿಸಲು ಮಾತ್ರ. ನೀರಿನ ಹಿಂದೆ ದುಃಖ ಬೇಕಲ್ಲ, ಅದಕ್ಕೆ ಅವಳು ಕಣ್ಣು ಮುಚ್ಚಿ ತುಳಸಕ್ಕ ಸತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು. ಅಕ್ಕ ಕಂಬಳಿಯ ಮೇಲೆ ಮಲಗಿದ್ದಾಳೆ, ಬಾಯಿ ಅರ್ಧ ತೆರೆದಿದೆ, ಮೂಗಿನಲ್ಲಿ ಹತ್ತಿ. ಒಂದೊಂದು ಚಿತ್ರಕ್ಕೂ ಒಂದೊಂದು ಬಗೆಯಲ್ಲಿ ಸಾಯಿಸಿದ್ದಳು: ಹಾವು ಕಡಿಸಿ, ಬಾವಿಗೆ ಬೀಳಿಸಿ, ಜ್ವರ ಬರಿಸಿ. ಮೊದಮೊದಲು ಕರುಳು ಕಿತ್ತು ಬರುತ್ತಿತ್ತು. ನಿರ್ದೇಶಕ "ಭಲೇ ಬಾಯಿ" ಎನ್ನುತ್ತಿದ್ದ. ಅತ್ತ ಅಕ್ಕ ಊರಲ್ಲಿ, ಕರೋಶಿಯಲ್ಲಿ, ಗಟ್ಟಿಮುಟ್ಟಾಗಿ, ತಂಬಾಕು ಅಗಿಯುತ್ತ, ತಪ್ಪಿಸಿಕೊಂಡ ಕುರಿಗೆ ಅದರ ಏಳು ತಲೆಮಾರು ಜಾಲಾಡಿ ಬೈಯುತ್ತ ಇದ್ದಳು. ಹೀಗೆ ಖರ್ಚು ಮಾಡುತ್ತ ಮಾಡುತ್ತ ಅಕ್ಕನ ಸಾವು ಎಂದೋ ಮುಗಿದುಹೋಗಿತ್ತು. ಈಗ ನಿಜವಾಗಿಯೂ ಸತ್ತಾಗ ಅದರಲ್ಲಿ ಹಿಂಡಲು ಏನೂ ಉಳಿದಿರಲಿಲ್ಲ.

ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಎಂದುಕೊಂಡಳು. ಅಳುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದಳಲ್ಲ. ಕೆಲವು ವರ್ಷಗಳ ಹಿಂದೆ ಪಕ್ಕದ ಹೊಲದ ಮಾಳಸಿದ್ದನ ತಾಯಿ ಸತ್ತಾಗ ಇವಳು ಊರಲ್ಲೇ ಇದ್ದಳು. ಅಕ್ಕನ ಜೊತೆ ಹೋಗಿ ಹೆಣದ ಬಳಿ ಕೂತು, ಕೂತ ಮೇಲೆ ಸುಮ್ಮನಿರಬಾರದೆಂದು, ಹಾಡ್ಯಾಡಿ ಅತ್ತಳು. ನೋಡುನೋಡುತ್ತಿದ್ದಂತೆ ಓಣಿಯ ಜನವೆಲ್ಲ ಇವಳ ಸುತ್ತ ನೆರೆಯಿತು. ಗೋಡೆ ಹತ್ತಿದರು, ಕೂಸುಗಳನ್ನು ಹೆಗಲ ಮೇಲೆ ಕೂಡಿಸಿ ತೋರಿಸಿದರು. ಸತ್ತವಳ ಮುಖದ ಮೇಲೆ ನೊಣ ಮುತ್ತಿದ್ದನ್ನು ಕಂಡು ಸೆರಗು ಬೀಸಿದವಳು ತುಳಸವ್ವ ಒಬ್ಬಳೇ. ತಿರುಗಿ ಬರುವಾಗ ಹೊಲದ ಬದುವಿನ ಮೇಲೆ ತಂಬಾಕು ಉಗುಳಿ, ನಕ್ಕೋತಲೇ ಅಂದಿದ್ದಳು:

"ನಾ ಸತ್ತಾಗ ನೀ ಅಳಬ್ಯಾಡ ನೋಡ ಕೆಂಪಿ. ನೀ ಅತ್ತರ ಮಂದಿ ನಿನ್ನ ನೋಡ್ತಾರ, ನನ್ನ ಯಾರೂ ನೋಡೂದಿಲ್ಲ. ಹುಟ್ಟಿದಾಗಿಂದ ಯಾರೂ ನೋಡಿಲ್ಲ ಬೇ ನನ್ನ. ಅದೊಂದ ದಿನಾ ಆದ್ರೂ ನೋಡ್ಲಿ."

"ಆತು ಬಿಡ, ಅಳೂದಿಲ್ಲ."

"ಆಣಿ ಮಾಡ."

"ನಿನ್ನ ತಂಬಾಕಿನ ಆಣಿ," ಎಂದಿದ್ದಳು ಇವಳು, ಇಬ್ಬರೂ ನಕ್ಕಿದ್ದರು. ನಕ್ಕರೂ ಮಾತು ಮಾತೇ. ಅದಕ್ಕೇ ಇಂದು ಹೊರಡುವಾಗ ನಶ್ಯದ ಡಬ್ಬಿಯನ್ನು ಬೇಕೆಂತಲೇ ಗೋಡೆಯ ಮಾಡದಲ್ಲಿ ಇಟ್ಟು ಬಂದಿದ್ದಳು. ಯಾವ ಚಿತ್ರದಲ್ಲಿಯೂ ಯಾರೂ ತನಗೆ ಕೊಡದಿದ್ದ ಪಾತ್ರವನ್ನು, ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂಡುವ ಪಾತ್ರವನ್ನು, ಅಕ್ಕ ಕೊಟ್ಟಿದ್ದಾಳೆ. ಅಷ್ಟು ಮಾಡಿದರೆ ಸಾಕು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಕರೋಶಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಊರಿನ ಪದ್ಧತಿ ಅವಳಿಗೆ ಗೊತ್ತಿಲ್ಲದ್ದಲ್ಲ. ಸತ್ತ ಮನೆಗೆ ಬರುವ ಹೆಂಗಸು ಓಣಿಯ ತಿರುವಿನಲ್ಲಿಯೇ ದನಿ ತೆಗೆಯಬೇಕು. ಒಳಗಿನ ಹೆಂಗಸರು ಆ ದನಿ ಕೇಳಿ ಎದ್ದು ಬಂದು ಕೊರಳಿಗೆ ಬೀಳಬೇಕು. ಅವಳು ತಿರುವು ದಾಟಿದಳು, ಚಪ್ಪಲಿಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಅಂಗಳದಲ್ಲಿ ಕೂತಿದ್ದ ಹೆಂಗಸರು ಅರ್ಧ ಎದ್ದು ನಿಂತಿದ್ದರು, ಸೆರಗು ಸರಿಪಡಿಸಿಕೊಂಡು, ಬಾಯಿ ತೆರೆದು. ಇವಳು ಸುಮ್ಮನೆ ಬಂದು ಕಟ್ಟೆಯ ಮೇಲೆ ಕೂತದ್ದನ್ನು ಕಂಡು ತೆರೆದ ಬಾಯಿಯನ್ನು ಏನು ಮಾಡಬೇಕೋ ತಿಳಿಯದೆ ಒಬ್ಬೊಬ್ಬರಾಗಿ ಮುಚ್ಚಿದರು. ಪಿಸುಮಾತು ಶುರುವಾಯಿತು. ಇವಳಿಗೆ ಒಳಗೊಳಗೇ ಒಂದು ಖುಷಿ. ಬೆಳಗಿನಿಂದ ಹಸಿದುಕೊಂಡು ಆಟ ನೋಡಲು ಬಂದಿದ್ದಾರೆ, ಆಟ ಇಲ್ಲ, ಹೋಗಿ.

"ಒಡಹುಟ್ಟಿದ ಅಕ್ಕ ಅಲ್ಲೇನ?" ಎಂದಿತು ಒಂದು ದನಿ.

"ರೊಕ್ಕಾ ಕೊಟ್ರ ಅಳ್ತಾಳ. ಪುಕ್ಕಟೆ ಯಾಕ ಅಳ್ತಾಳ?" ಎಂದಿತು ಇನ್ನೊಂದು. ಅದು ಲಗಮವ್ವನದು. ಓಣಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ಅಳುವ, ಅಳುವ ನಡುವೆಯೇ ಯಾರು ಯಾವ ಸೀರೆ ಉಟ್ಟಿದ್ದಾರೆ ಎಂದು ನೋಡಿಟ್ಟುಕೊಳ್ಳುವ ಮುದುಕಿ. ಸುಂದರಾಬಾಯಿ ಅವಳನ್ನು ನೋಡಿ, ಇವಳಿಗೆ ಒಂದು ಪಾತ್ರ ಕೊಡಿಸಬಹುದಿತ್ತು ಎಂದುಕೊಂಡಳು. ಮಾತು ಮಾತ್ರ ಎಲ್ಲಿಯೋ ಹೋಗಿ ನಾಟಿತು. ಕೊಲ್ಹಾಪುರದಲ್ಲಿ ಯಾರೂ ಅಷ್ಟು ನೇರವಾಗಿ ಅಂದಿರಲಿಲ್ಲ.

ಮಾಯಪ್ಪ ಬಂದ. ತಲೆ ಬೋಳಿಸಿಕೊಂಡಿದ್ದ, ಕೈಯಲ್ಲಿ ಗಡಿಯಾರ ಹಾಗೇ ಇತ್ತು. ಚಿಕ್ಕವನಿದ್ದಾಗ "ಚಿಗವ್ವಾ" ಎಂದು ಸೆರಗು ಹಿಡಿದು ಓಡಾಡುತ್ತಿದ್ದವನು ನೌಕರಿ ಸಿಕ್ಕ ಮೇಲೆ ಮರಾಠಿಯವರಂತೆ "ಮೌಶಿ" ಎನ್ನಲು ಕಲಿತಿದ್ದ. "ಮೌಶಿ, ನಮ್ಮ ಆಫೀಸಿನವ್ರು ಬಂದಾರ, ರಾಯಬಾಗದಿಂದ. ನಿಮ್ಮ ಪಿಕ್ಚರ್ ಎಲ್ಲಾ ನೋಡ್ಯಾರ ಅವ್ರು," ಎಂದು ಬಿಳಿ ಅಂಗಿಯ ಮೂವರನ್ನು ತೋರಿಸಿದ. ಅವರು ಕೈ ಮುಗಿದರು. ಒಬ್ಬ ನಗು ತಡೆಯಲಾಗದೆ ಕೆಮ್ಮಿದ. ತಾಯಿ ಸತ್ತ ಮೂರನೆಯ ದಿನ ಮಗ ಬೀಗುತ್ತಿದ್ದಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಇವನಿಗೆ ಈಗ ಜುಟ್ಟೂ ಇಲ್ಲ.

ತುಳಸವ್ವನನ್ನು ಹೂಳಿದ್ದು ಅವಳದೇ ಹೊಲದಲ್ಲಿ, ಕುರಿ ತರುಬಿ ನಿಲ್ಲಿಸುತ್ತಿದ್ದ ಮೂಲೆಯಲ್ಲಿ. ಎಲ್ಲರೂ ಅಲ್ಲಿಗೆ ನಡೆದರು. ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ತಲೆಯ ಕಡೆ ಮುತ್ತಲ ಎಲೆ ಹಾಸಿ ಎಡೆ ಇಟ್ಟರು: ಅನ್ನ, ಮೊಸರು, ಗೋಧಿಯ ಸಿಹಿ ಮಾದಲಿ, ಒಂದು ಲೋಟ ಚಹಾ. ಮಾಳಸಿದ್ದ ನೆನಪು ಮಾಡಿಕೊಂಡು ತನ್ನ ಚೀಲದಿಂದ ಒಂದು ಎಸಳು ತಂಬಾಕು ತೆಗೆದು ಅನ್ನದ ಮೇಲಿಟ್ಟ. ಆಮೇಲೆ ಎಲ್ಲರೂ ಹಿಂದೆ ಸರಿದು ದೂರದ ಬೇವಿನ ಮರದ ಕೆಳಗೆ ನಿಂತರು. ಕಾಗೆ ಬಂದು ಎಡೆಗೆ ಕೊಕ್ಕು ಹಾಕಬೇಕು. ಹಾಕಿದರೆ ಸತ್ತವಳಿಗೆ ಆಸೆ ಏನೂ ಉಳಿದಿಲ್ಲ, ತನ್ನ ಪಾಲು ಉಂಡು ಹೊರಟಳು ಎಂದು. ಹಾಕದಿದ್ದರೆ ಏನೋ ಬಾಕಿ ಇದೆ, ಜೀವ ಅಲ್ಲೇ ಸುತ್ತುತ್ತದೆ ಎಂದು. ಕಣ್ಣಾರೆ ಕಂಡ ಮೇಲೆಯೇ ಮನೆಗೆ ಹೋಗಿ ಉಣ್ಣುವುದು.

ಕಾಗೆಗಳಿಗೇನು, ಬೇಕಾದಷ್ಟಿದ್ದವು. ಬದುವಿನ ಜಾಲಿಯ ಮೇಲೆ ಸಾಲಾಗಿ ಕೂತು ಒಂದು ಇತ್ತ ನೋಡುತ್ತಿತ್ತು, ಒಂದು ಅತ್ತ ನೋಡುತ್ತಿತ್ತು. ಒಂದೂ ಇಳಿಯಲಿಲ್ಲ. ಮಾಯಪ್ಪ ಮುಂದೆ ಹೋಗಿ ಕೈ ಮುಗಿದ. "ಅವ್ವಾ, ನಿನ್ನ ಎಮ್ಮಿ ಮಾರೂದಿಲ್ಲವಾ." ಕಾಗೆಗಳು ಕೂತೇ ಇದ್ದವು. "ಅವ್ವಾ, ಕುರಿ ಮಾಳಸಿದ್ದಮಾಮಾಗ ಒಪ್ಪಸ್ತೀನಿ, ಕಟುಕರಿಗೆ ಕೊಡೂದಿಲ್ಲ." ಒಂದು ಕಾಗೆ ರೆಕ್ಕೆ ಕೊಡವಿ ಮತ್ತೆ ಕೂತಿತು. ಹೆಂಡತಿ ತಾರವ್ವ ಹಿಂದಿನಿಂದ ಏನೋ ಪಿಸುಗುಟ್ಟಿದಳು. ಮಾಯಪ್ಪ ಉಗುಳು ನುಂಗಿ, "ನಿನ್ನ ಬೆಳ್ಳಿ ಕಡಗ ಕರಗಸೂದಿಲ್ಲವಾ" ಎಂದ. ಅದು ನಿಜವಾಗಿಯೂ ಕಷ್ಟದ ಮಾತಾಗಿತ್ತೆಂದು ಮುಖ ಹೇಳುತ್ತಿತ್ತು. ಕಾಗೆಗಳಿಗೆ ಕಡಗವೂ ಬೇಕಿರಲಿಲ್ಲ. ಬಿಸಿಲಿಗೆ ಮೊಸರನ್ನದ ಮೇಲೆ ಕೆನೆ ಒಣಗತೊಡಗಿತು. ಬಿಳಿ ಅಂಗಿಯವರು ಕರವಸ್ತ್ರ ತಲೆಗೆ ಕಟ್ಟಿಕೊಂಡರು. ಅಣ್ಣನ ಮನೆ, ತಮ್ಮನ ಮನೆ ಎಂದು ಬಂದ ಬೀಗರೆಲ್ಲ ಹಸಿದು ಒಬ್ಬರನ್ನೊಬ್ಬರು ಬಿರುಸಾಗಿ ನೋಡಿಕೊಳ್ಳತೊಡಗಿದರು.

"ಆಕಳಿಗಿ ಹಾಕೂಣು ತಗೋ," ಎಂದ ಮಾಳಸಿದ್ದ. "ಹಿರೇರೂ ಹಂಗ ಮಾಡ್ತಿದ್ರು."

"ಹಂಗ ಹೆಂಗ ಮಾಮಾ? ಊರ ಮಂದಿ ಏನಂತಾರ? ಮಗಾ ಏನ ಕೊರತಿ ಮಾಡ್ಯಾನ ಅಂತಾರ," ಎಂದ ಮಾಯಪ್ಪ, ಬಿಳಿ ಅಂಗಿಗಳ ಕಡೆ ನೋಡುತ್ತ.

ಆಗ ಲಗಮವ್ವ ಬಾಯಿ ಬಿಟ್ಟಳು. "ಇಷ್ಟೂ ಮಂದಿಗೆ ತಿಳಿವಲ್ದೇನ? ತಂಗಿ ಅತ್ತಿಲ್ಲ. ಅಕ್ಕನ ಜೀವ ಅದಕ ಕಾಯಾಕತ್ತೈತಿ. ಸಿನೇಮಾದಾಗ ಕಂಡ ಕಂಡವ್ರಿಗೆಲ್ಲಾ ಅತ್ತಾಳ, ನನಗೊಂದ ಹನಿ ಇಲ್ಲೇನ ಅಂತ."

ಎಲ್ಲ ಮುಖಗಳೂ ಒಮ್ಮೆಲೇ ಸುಂದರಾಬಾಯಿಯ ಕಡೆ ಹೊರಳಿದವು. ಬೇವಿನ ಬೊಡ್ಡೆಗೆ ಒರಗಿ ಕೂತವಳಿಗೆ ಮೊದಲು ನಗುವೇ ಬಂತು. ಈ ಮುಠ್ಠಾಳರಿಗೆ ಯಾರು ಹೇಳಬೇಕು? ಅಕ್ಕ ಕಾಯುತ್ತಿರುವುದು ನಾನು ಅಳದಿರಲಿ ಎಂದು. ನಾನು ಬಾಯಿ ಮುಚ್ಚಿಕೊಂಡು ಕೂತಷ್ಟು ಹೊತ್ತು ನೀವು ಅವಳ ಗೋರಿಯನ್ನು ನೋಡುತ್ತೀರಿ, ಈ ಬೆಳಗ್ಗೆಯಿಂದ ನೋಡಿದಷ್ಟು ಅವಳ ಕಡೆ ನೀವು ಜನ್ಮದಲ್ಲಿ ನೋಡಿಲ್ಲ. ಅವಳು ಯಾಕೆ ಬೇಗ ಉಂಡು ಎದ್ದು ಹೋಗುತ್ತಾಳೆ? ಇದನ್ನು ಗಟ್ಟಿಯಾಗಿ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ನಂಬುತ್ತಾರೆಯೇ? ಅಳು ಬಾರದವಳು ಕಥೆ ಕಟ್ಟುತ್ತಿದ್ದಾಳೆ ಎನ್ನುತ್ತಾರೆ. "ಅಕ್ಕ ಅಳಬ್ಯಾಡ ಅಂದಿದ್ಳು," ಎಂದಳು, ಅಷ್ಟನ್ನೇ, ಸಣ್ಣಗೆ.

"ಅಂತಾರವಾ, ಎಲ್ಲಾರೂ ಅಂತಾರ," ಎಂದಳು ಲಗಮವ್ವ. "ಅಂದ್ರ ಬಿಡೂದೇನ?"

"ಮೌಶಿ, ಮಂದಿ ಉಪಾಸ ಐತ್ರಿ," ಎಂದ ಮಾಯಪ್ಪ. ಆಮೇಲೆ ಬಾಗಿ, ಕಿವಿಯ ಹತ್ತಿರ: "ನಮ್ಮ ಸಾಹೇಬ್ರು ಕೇಳಾಕತ್ತಾರ. ಸಿನೇಮಾದಾಗ ಅಳಾವ್ರು ಇವ್ರಽ ಹೌದಲ್ಲ ಅಂತ. ನಂಬವಲ್ರು."

ನಂಬುತ್ತಿಲ್ಲವಂತೆ. ಬಸ್ಸಿನ ಕೋಳಿಯ ಹೆಂಗಸು ನೆನಪಾದಳು, ಬೂತಿನ ಅಂಗಡಿಯವನ ಸಪ್ಪೆ ಮುಖ ನೆನಪಾಯಿತು. ಬಿಳಿ ಅಂಗಿಯವರಲ್ಲಿ ದಪ್ಪನೆಯವನು ಗಡಿಯಾರ ನೋಡಿ, "ವಯಸ್ಸಾಗೇತಿ, ಈಗ ಆಗಾಂಗಿಲ್ಲ ಬಿಡ್ರಿ ಅವ್ರಿಗೆ" ಎಂದದ್ದು ಕೇಳಿಸಿತು. ಅವನು ಮರುಕದಿಂದಲೇ ಅಂದಿದ್ದ. ಆ ಮರುಕವನ್ನು ಅವಳು ಬಲ್ಲಳು. ಹಿಂದೊಮ್ಮೆ, ಎಷ್ಟೋ ವರ್ಷ ದುಡಿದ ಮೇಲೆ, ಒಂದು ಚಿತ್ರದಲ್ಲಿ ಅವಳಿಗೆ ಒಂದು ಒಳ್ಳೆಯ ದೃಶ್ಯ ಕೊಟ್ಟಿದ್ದರು. ಮಾತಿಲ್ಲ, ಬೈಗುಳವಿಲ್ಲ, ಅಳುವಿಲ್ಲ. ಬೀಸುವ ಕಲ್ಲಿನ ಮುಂದೆ ಒಬ್ಬಳೇ ಕೂತ ತಾಯಿ, ಮುಖ ಮಾತ್ರ, ಪರದೆಯ ತುಂಬ. ಅಂದು ಮೊದಲ ಸಲ ಅವಳ ಮುಂದೆಯೂ ಬಿಳಿ ಬಟ್ಟೆ ಹಿಡಿದು ಬೆಳಕು ಸೋಸಿದ್ದರು. ಅಕ್ಕನನ್ನು ಚಿಕ್ಕೋಡಿಯ ಟಾಕೀಜಿಗೆ ಕರೆದುಕೊಂಡು ಹೋಗಿ ಕೂಡಿಸಿದಳು. ಚಿತ್ರ ಮುಗಿಯಿತು. ದೀಪ ಹತ್ತಿತು. ತುಳಸವ್ವ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. "ನೀ ಎಲ್ಲಿದ್ದಿ ಬೇ?" ಎಂದಳು. ದೃಶ್ಯವನ್ನು ಕತ್ತರಿಸಿ ಹಾಕಿದ್ದರು. ನಿರ್ದೇಶಕನನ್ನು ಕೇಳಿದಾಗ ಅವನೂ ಹೀಗೇ ಮರುಕದಿಂದ, "ಬಾಯಿ, ನಿಮ್ಮ ಮುಖ ಅಷ್ಟು ಹೊತ್ತು ನೋಡೋದು ಮಂದಿಗೆ ಕಷ್ಟ ಆಗ್ತದ" ಎಂದಿದ್ದ.

ಅಕೋ, ಬಂತು. ಕಣ್ಣ ಹಿಂದೆ ಎಲ್ಲಿಯೋ ನೀರು ಮಿಸುಕಿತು. ನಶ್ಯ ಬೇಕಾಗಲಿಲ್ಲ, ಅಕ್ಕನ ಹೆಣವೂ ಬೇಕಾಗಲಿಲ್ಲ. ಬೀಸುವ ಕಲ್ಲಿನ ಮುಂದಿನ ತನ್ನದೇ ಮುಖ, ಯಾರೂ ನೋಡದ ಮುಖ, ಅದೇ ಸಾಕಾಯಿತು. ಇದು ಅಕ್ಕನಿಗಾಗಿ ಬಂದ ನೀರಲ್ಲ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಬೇಡ, ಬೇಡ ಎಂದುಕೊಳ್ಳುತ್ತಿದ್ದಂತೆ ಕೈ ತಾನಾಗಿ ಹಿಂದೆ ಹೋಗಿ ತುರುಬು ಸಡಿಲಿಸಿತು.

ಮೊದಲು ಸಣ್ಣ ದನಿ. ಮಂದಿ ಕಿವಿಗೊಟ್ಟು ಹತ್ತಿರ ಬರಬೇಕು. "ಯಕ್ಕಾ..." ಒಂದು ನಿಲುಗಡೆ. "ಯಕ್ಕಾ... ಬಾಗಿಲಾಗ ಕುಂತ ನನ್ನ ದಾರಿ ಕಾಯಾಕಿ, ಇಂದ ಯಾಕ ಎದ್ದ ಬರವಲ್ಲಿ..." ಅಂಗೈ ನೆಲಕ್ಕೆ ಬಡಿಯಿತು. ತುಳಸವ್ವ ಜನ್ಮದಲ್ಲಿ ಬಾಗಿಲಲ್ಲಿ ಕೂತು ಯಾರ ದಾರಿಯನ್ನೂ ಕಾಯ್ದವಳಲ್ಲ. ಆ ಮಾತು ಯಾವುದೋ ಚಿತ್ರದ್ದು. "ತಂಗಿ ಬಂದಾಳ ನೋಡವಾ, ನಿಪ್ಪಾಣಿಂದ ತಂಗಿ ಬಂದಾಳ..." ಬೇವಿನ ಕೆಳಗಿನ ಜನ ಒಬ್ಬರ ಮೇಲೊಬ್ಬರು ಬಂದು ಅವಳ ಸುತ್ತ ಗುಂಪು ಕಟ್ಟಿತು. ಗೋರಿಯ ಕಡೆ ಎಲ್ಲರ ಬೆನ್ನು. ತಾರವ್ವ ಬಿಕ್ಕಿದಳು. ಮಾಯಪ್ಪ ಕಣ್ಣೊರೆಸಿಕೊಂಡು ಬಿಳಿ ಅಂಗಿಯವರನ್ನು ಮುಂದಕ್ಕೆ ಬಿಟ್ಟುಕೊಟ್ಟ. ಲಗಮವ್ವ ಬಾಯಿ ತೆರೆದುಕೊಂಡೇ ನಿಂತಿದ್ದಳು, ಅಳುವುದನ್ನು ಮರೆತು. ಅವಳಂಥವಳಿಗೂ ಹೀಗೆ ಕಲಿಸಬೇಕಾಗುತ್ತದೆ. ಸುಂದರಾಬಾಯಿ ದನಿಯನ್ನು ಒಂದು ಮೆಟ್ಟಿಲು ಏರಿಸಿದಳು.

ನಾಟಕ ಕಂಪನಿಯಲ್ಲಿ ಕಲಿಸಿದ ಪಾಠ ಒಂದೇ: ಒಂದು ಕಣ್ಣು ಅಳಬೇಕು, ಒಂದು ಕಣ್ಣು ನೋಡುತ್ತಿರಬೇಕು. ನೋಡುವ ಕಣ್ಣು ಸೆರಗಿನ ಅಂಚಿನ ಕೆಳಗಿಂದ, ಇಬ್ಬರು ಹೆಂಗಸರ ನಡುವಿನ ಸಂದಿಯಿಂದ, ಗೋರಿಯನ್ನು ನೋಡಿತು. ಜಾಲಿಯಿಂದ ಒಂದು ಕಾಗೆ ಇಳಿದಿತ್ತು. ಅವಸರವಿಲ್ಲದೆ ಕುಪ್ಪಳಿಸಿ ಎಲೆಯ ಹತ್ತಿರ ಬಂತು, ತಲೆ ವಾರೆ ಮಾಡಿ ಜನರ ಬೆನ್ನುಗಳನ್ನು ಒಮ್ಮೆ ನೋಡಿತು. ಆಮೇಲೆ ತಂಬಾಕಿನ ಎಸಳನ್ನು ಕೊಕ್ಕಿನಿಂದ ಪಕ್ಕಕ್ಕೆ ಸರಿಸಿ ಅನ್ನಕ್ಕೆ ಬಾಯಿ ಹಾಕಿತು.

ಮುಟ್ಟಿತು. ಈಗ ನಿಲ್ಲಿಸಬೇಕು. ಕೈ ಎತ್ತಿ ತೋರಿಸಿದರೆ ಸಾಕು, ಎಲ್ಲರೂ ಹೊರಳಿ ನೋಡುತ್ತಾರೆ, ತುಳಸವ್ವ ಉಣ್ಣುವುದನ್ನು ಊರೇ ನೋಡುತ್ತದೆ. ಸುಂದರಾಬಾಯಿಗೆ ಇದು ಬಿಸಿಲಿನಷ್ಟು ನಿಚ್ಚಳವಾಗಿ ತಿಳಿಯಿತು. ಆದರೆ ಬಾಯಿ "ತಲಿಗೆ ಎಣ್ಣಿ ಯಾರ ಹಚ್ಚತಾರ" ಎಂಬಲ್ಲಿ ಇತ್ತು, ಅದರ ಮುಂದೆ ಇನ್ನೂ ಎತ್ತರದ ಒಂದು ಸಾಲಿತ್ತು, ದಪ್ಪ ಸಾಹೇಬ ಕರವಸ್ತ್ರವನ್ನು ತಲೆಯಿಂದ ಬಿಚ್ಚಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಈ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಯಾರಿಗೂ ಕಷ್ಟವಾಗದೆ, ಇಷ್ಟು ಜನ ನೋಡಿದ್ದು ಇದೇ ಮೊದಲು. ಅವಳು ನಿಲ್ಲಿಸಲಿಲ್ಲ. ಎತ್ತರದ ಸಾಲನ್ನೂ ಹೇಳಿದಳು, ಎದೆ ಬಡಿದುಕೊಂಡಳು, ಆಮೇಲೆ ದನಿಯನ್ನು ಮೆಲ್ಲಗೆ ಇಳಿಸುತ್ತ ಬಂದಳು. ಅಷ್ಟರಲ್ಲಿ ಕಾಗೆ ಹೊಟ್ಟೆತುಂಬ ಉಂಡು, ಕೊಕ್ಕನ್ನು ಹಸಿ ಮಣ್ಣಿಗೆ ಒರೆಸಿ, ಹಾರಿಹೋಯಿತು. ಅಕ್ಕ ತನ್ನ ಪಾಲು ಉಂಡು ಹೊರಟಳು, ಎಂದಿನಂತೆ, ಯಾರೂ ನೋಡದೆ. ಅವಳು ಹೋದ ಮೇಲೆ ಎಲ್ಲಿಂದಲೋ ಒಂದು ನಾಯಿ ಬಂದು ಎಲೆಯನ್ನು ಬೋರಲು ಹಾಕಿ ನೆಕ್ಕತೊಡಗಿತು.

ಅಳು ಮುಗಿಯಿತು. ಯಾರೋ ಚಪ್ಪಾಳೆಗೆ ಎತ್ತಿದ ಕೈಯನ್ನು ತಡೆದುಕೊಂಡದ್ದು ಅವಳಿಗೆ ಕಾಣಿಸಿತು. "ಹೌದ್ ಹೌದು, ಇದು ಕರುಳು," ಎಂದಳು ಲಗಮವ್ವ. ಮಾಳಸಿದ್ದ ಮೊದಲು ಹೊರಳಿ ನೋಡಿದ.

"ಹಚಾ! ಹಚಾ! ಅಯ್ಯೋ, ನಾಯಿ ಕೆಡಿಸಿತಲ್ಲೋ ಎಲ್ಲಾ!" ಎಂದು ಕಲ್ಲೆತ್ತಿಕೊಂಡು ಓಡಿದ. ಎಲೆಯ ಬಳಿ ನಿಂತು ಕೂಗಿ ಕೇಳಿದ: "ಇದಕ್ಕಿಂತ ಮುಂಚೆ ಕಾಗಿ ಮುಟ್ಟಿತ್ತೇನ? ಯಾರರ ನೋಡೀರಿ?"

"ಎಲ್ಲಾರೂ ಇವ್ರನ್ನಽ ನೋಡ್ಕೋತ ನಿಂತಿದ್ವಿ," ಎಂದಳು ತಾರವ್ವ.

ಮಾಯಪ್ಪ ಹೊಸ ಎಲೆ ತರಿಸಿದ. ಮತ್ತೆ ಅನ್ನ, ಮತ್ತೆ ಮೊಸರು. ತಂಬಾಕು ಇನ್ನಿರಲಿಲ್ಲ. ಸುಂದರಾಬಾಯಿಯ ನಾಲಿಗೆಯ ತುದಿಯಲ್ಲಿ ಮಾತಿತ್ತು: ಮುಟ್ಟಿತು, ನಾ ನೋಡೀನಿ, ಅಕಿ ಉಂಡು ಹೋಗ್ಯಾಳ. ಅಷ್ಟು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅಳುವವಳು ಹೇಗೆ ನೋಡಿದೆ ಎಂದು ಕೇಳುತ್ತಾರೆ. ಲಗಮವ್ವನೇ ಕೇಳುತ್ತಾಳೆ. ಇಲ್ಲಿಯವರೆಗೆ ಅವರನ್ನೆಲ್ಲ ಹೀನಾಯವಾಗಿ ಕಂಡ ಕಣ್ಣಿಗೆ ಈಗ ಹಾಗೆ ಕಾಣಲು ತನ್ನನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ. ಅಲ್ಲಿ, ಹಸಿ ಮಣ್ಣಿನ ತಲೆಯ ಕಡೆ, ಯಾರಿಗೂ ಅಲ್ಲದ ಎಡೆಯನ್ನು ಒಪ್ಪವಾಗಿ ಜೋಡಿಸುತ್ತಿದ್ದರು.

ಮಾಯಪ್ಪ ಕೈ ಒರೆಸಿಕೊಳ್ಳುತ್ತ ಬಂದು ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ಹಿಂದೆ ಜನ ಆಗಲೇ ಅವಳ ಸುತ್ತ ಜಾಗ ಹಿಡಿಯತೊಡಗಿದ್ದರು.

"ಚಿಗವ್ವಾ," ಎಂದ, ಎಷ್ಟೋ ವರ್ಷಗಳ ಮೇಲೆ. "ಇನ್ನೊಂದ್ ಸಲ ಆಗ್ತೈತೇನು?"

ಅವಳು ಮುಖ ಒರೆಸಿಕೊಂಡಳು. ತುರುಬು ಕಟ್ಟಿ, ಬಿಚ್ಚಲು ಬರುವಷ್ಟು ಸಡಿಲ ಬಿಟ್ಟಳು. ಗಂಟಲು ಸರಿಮಾಡಿಕೊಂಡು ಕೇಳಿದಳು:

"ಎಲ್ಲಿಂದ ಸುರು ಮಾಡ್ಲಿ?"